ಮಸ್ಕತ್ತಿನಿಂದ ಬರುತ್ತಿದ್ದದ್ದು, ಮಸ್ಕತ್ತಿನಿಂದ ಬಂದವಳು

ನಮ್ಮ ಮನೆಯಲ್ಲಿ ಕಷ್ಟಗಳು ಪಾಳಿಯ ಮೇಲೆ ಬರುತ್ತಿದ್ದವು. ದಸರೆಯ ಹೊತ್ತಿಗೆ ಅಪ್ಪನಿಗೆ, ಯುಗಾದಿಯ ಹೊತ್ತಿಗೆ ಕಾಕಾನಿಗೆ, ನಡುವೆ ಬಿಡುವಿದ್ದರೆ ಬೀದರ್ ಕಡೆಯ ದೂರದ ಬಳಗಕ್ಕೆ. ಇಬ್ಬರಿಗೆ ಒಟ್ಟಿಗೆ ಕಷ್ಟ ಬಂದದ್ದನ್ನು ನಾನು ಕಂಡಿಲ್ಲ. ಹಾಗೆ ಬಂದರೆ ಮಸ್ಕತ್ತಿನಲ್ಲಿದ್ದ ಅತ್ತೆಗೆ ಭಾರವಾದೀತು ಎಂಬ ಕಾಳಜಿ ಎಲ್ಲರಿಗೂ ಇತ್ತು.

ಅತ್ತೆ ಎಂದರೆ ಅಪ್ಪನ ತಂಗಿ, ಕಾಕಾನ ಅಕ್ಕ. ಅಜ್ಜ ಬೀದರ್ ಬಿಟ್ಟು ಹೈದರಾಬಾದಿನ ಕೂಕಟ್‌ಪಲ್ಲಿಗೆ ಬಂದು ನೆಲೆಸಿದವನು. ಅಪ್ಪನಿಗೆ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನೌಕರಿ. ಕಾಕಾ ವ್ಯಾಪಾರಿ. ಯಾವ ವ್ಯಾಪಾರ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತಿತ್ತು: ವಿಡಿಯೊ ಕ್ಯಾಸೆಟ್ ಬಾಡಿಗೆ, ಎಸ್‌ಟಿಡಿ ಬೂತು, ನೀರಿನ ಫಿಲ್ಟರು. ಜನ ಒಂದು ವಸ್ತುವನ್ನು ಕೈಬಿಡುವ ಹೊತ್ತಿಗೆ ಸರಿಯಾಗಿ ಕಾಕಾ ಅದನ್ನು ಕೈಗೆತ್ತಿಕೊಳ್ಳುತ್ತಿದ್ದ. ಇಬ್ಬರ ನಡುವೆ ಹುಟ್ಟಿದ ಅತ್ತೆ ನರ್ಸಿಂಗ್ ಓದಿ ಇಲ್ಲಿಯೇ ಒಂದು ಆಸ್ಪತ್ರೆಗೆ ಸೇರಿದ್ದಳು.

ಆಗ ಅವಳಿಗೆ ಗಂಡು ಸಿಗುತ್ತಿರಲಿಲ್ಲ. ರಾತ್ರಿ ಡ್ಯೂಟಿ ಮಾಡುವ ಹುಡುಗಿಯನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ ಎಂದು ಬಂದವರೆಲ್ಲ ಅವಲಕ್ಕಿ ತಿಂದು ಎದ್ದು ಹೋಗುತ್ತಿದ್ದರು. ಬೇಸತ್ತ ಅತ್ತೆ ಯಾರೋ ಹೇಳಿದ ಏಜೆಂಟನನ್ನು ಹಿಡಿದು ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ಹೋದಳು. ಆರು ತಿಂಗಳಾಗುವಷ್ಟರಲ್ಲಿ ಹಿಂದೆ ಎದ್ದು ಹೋದವರೆಲ್ಲ ತಿರುಗಿ ಬಂದರು. ಹೈದರಾಬಾದಿನ ರಾತ್ರಿ ಡ್ಯೂಟಿಯಲ್ಲಿ ಇದ್ದ ಕಳಂಕ ಮಸ್ಕತ್ತಿನ ರಾತ್ರಿ ಡ್ಯೂಟಿಯಲ್ಲಿ ಅವರಿಗೆ ಕಾಣಲಿಲ್ಲ. ಆದರೆ ಈಗ ನಮ್ಮ ಮನೆಯವರೇ ಒಪ್ಪಲಿಲ್ಲ. ಒಬ್ಬ ಕುಳ್ಳ, ಒಬ್ಬನ ಹಲ್ಲು ಸರಿಯಿಲ್ಲ, ಒಬ್ಬನ ಗೋತ್ರ ಸಂಶಯದ್ದು. ನಿಜ ಹೇಳಬೇಕೆಂದರೆ ಎಲ್ಲ ವರಗಳಿಗೂ ಇದ್ದ ದೋಷ ಒಂದೇ. ಮದುವೆಯಾದರೆ ಅವಳ ಸಂಬಳ ಅವರ ಮನೆಗೆ ಹೋಗುತ್ತಿತ್ತು. ಅಜ್ಜಿ ಗಂಡು ಹುಡುಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಪ್ರತಿ ಸೋಮವಾರ ಉಪವಾಸವನ್ನೂ ಮಾಡುತ್ತಿದ್ದಳು. ಸಿಕ್ಕಿಬಿಟ್ಟಾನು ಎಂಬ ಭಯದಿಂದ ಮಾಡುತ್ತಿದ್ದಳೋ ಏನೋ, ನನಗೆ ತಿಳಿಯದು.

ಹೀಗೆ ನಮ್ಮ ಮನೆ ಏಳತೊಡಗಿತು. ಮೊದಲು ಹೆಂಚು ಹೋಗಿ ಆರ್‌ಸಿಸಿ ಬಂತು, ಆಮೇಲೆ ಮೊದಲನೇ ಮಹಡಿ, ಆಮೇಲೆ ಎರಡನೆಯದು. ನೆಂಟರು ಬಂದಾಗ ಅಪ್ಪ ಗೋಡೆ ತಟ್ಟಿ, "ನಾನ ನಿಂತು ಕಟ್ಟಿಸೀನಿ" ಎನ್ನುತ್ತಿದ್ದ. ಸಂಜೆಯ ಹೊತ್ತು ಪೈಪು ಹಿಡಿದು ಸಿಮೆಂಟಿಗೆ ನೀರು ಹೊಡೆದವನು ಅವನೇ ಆದ್ದರಿಂದ ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಎರಡನೇ ಮಹಡಿಯಲ್ಲಿ ಗಾಳಿ ಬರುವ ಕಡೆ ಒಂದು ಕೋಣೆ ಅತ್ತೆಗೆಂದು ಕಟ್ಟಿಸಿದರು. ಅದಕ್ಕೆ ಅತ್ತಿ ರೂಮು ಎಂದೇ ಹೆಸರು.

ಮೊದಮೊದಲು ಅತ್ತೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಅದರ ಜೊತೆ ಡ್ರಾಫ್ಟು, ಸಾಬೂನು, ಅಜ್ಜಿಗೆ ಹೊದಿಕೆ. ಕ್ಯಾಸೆಟ್ಟು ಕೈಸೇರಲು ತಿಂಗಳು ಹಿಡಿಯುತ್ತಿತ್ತು. ಆದರೆ ಬಂದ ದಿನ ಇಡೀ ಮನೆ ಟೇಪ್‌ರೆಕಾರ್ಡರ್ ಸುತ್ತ ಕೂತು ಕೇಳುತ್ತಿತ್ತು. ಅಲ್ಲಿ ಮಳೆ ಬಿದ್ದರೆ ಜನ ರಜೆ ಹಾಕಿ ನೋಡಲು ಹೋಗುತ್ತಾರೆ ಎಂದು ಅವಳು ಹೇಳಿದ್ದು ನನಗೆ ಇಂದಿಗೂ ಅವಳ ದನಿಯಲ್ಲೇ ನೆನಪಿದೆ. ಮುಂದೆ ಬ್ಯಾಂಕಿಗೇ ಹಣ ಬರತೊಡಗಿತು, ಮಾತು ಐಎಸ್‌ಡಿ ಫೋನಿಗೆ ಇಳಿಯಿತು. ಆಮೇಲೆ ಮೊಬೈಲು ಬಂತು. ಹಣ ಬಂದರೆ ಟಿಂಗ್ ಎನ್ನುತ್ತಿತ್ತು, ನಾವು ತಿರುಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆವು. ಹಣ ಬರುವ ದಾರಿ ಹತ್ತಿರವಾದಷ್ಟೂ ನಮ್ಮ ಮಾತು ಗಿಡ್ಡವಾಯಿತು.

ನಾನು ಓದಿದ್ದು ಅರ್ಥಶಾಸ್ತ್ರ, ಅತ್ತೆಯ ಹಣದಲ್ಲಿ. ಈಗ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಪುಸ್ತಕದಲ್ಲಿ ವರ್ಗಾವಣೆ ಆದಾಯ ಎಂಬ ಒಂದು ಮಾತಿದೆ. ಪ್ರತಿಯಾಗಿ ಏನನ್ನೂ ಕೊಡದೆ ಪಡೆಯುವ ಆದಾಯ ಎಂದು ಅದರ ಅರ್ಥ. ಹುಡುಗರಿಗೆ ಇದನ್ನು ವಿವರಿಸಲು ಒಂದು ಗಂಟೆ ಬೇಕು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟದವರೂ ಇದನ್ನು ಚೆನ್ನಾಗಿ ಅರಿತಿದ್ದರು. ಇನ್ನೊಂದು ಮಾತೂ ಪುಸ್ತಕದಲ್ಲಿದೆ: ತಾಯ್ನಾಡಿಗೆ ಸಂಕಟ ಬಂದಾಗ ಹೊರಗೆ ದುಡಿಯುವವರು ಕಳಿಸುವ ಹಣ ಹೆಚ್ಚುತ್ತದೆ. ಇದೂ ನಿಜವೇ. ಆದರೆ ನಮ್ಮಲ್ಲಿ ಅದಕ್ಕೊಂದು ತಿದ್ದುಪಡಿ ಇತ್ತು. ಅತ್ತೆ ತಿರುಗಿ ಬರುವ ಮಾತೆತ್ತಿದ ಕೂಡಲೇ ಸಂಕಟ ಬರುತ್ತಿತ್ತು. ಒಮ್ಮೆ ಕಾಕಾನ ಮದುವೆ ಅಡ್ಡ ಬಂತು, ಒಮ್ಮೆ ಮಹಡಿ ಅರ್ಧಕ್ಕೆ ನಿಂತಿತ್ತು. ಅಜ್ಜಿಯ ಕಣ್ಣಿನ ಪೊರೆ ತೆಗೆಸುವ ಕಷ್ಟ ಮೂರು ಸಲ ಬಂತು. ಅಜ್ಜಿಗೆ ಇದ್ದದ್ದು ಎರಡೇ ಕಣ್ಣು. ಕಳಿಸುವವಳು ನರ್ಸು ಎಂಬುದು ನಮಗ್ಯಾರಿಗೂ ನೆನಪಾಗಲಿಲ್ಲ.

ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಅತ್ತೆ ಫೋನು ಮಾಡಿದಳು. ಸ್ಪೀಕರ್ ಹಾಕಿ ಎಲ್ಲರೂ ಕೂತಿದ್ದೆವು.

"ನನ್ನ ನೌಕರಿ ಮುಗೀತು. ಇನ್ನ ಪೂರಾ ಬಂದುಬಿಡ್ತೀನಿ" ಎಂದಳು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊದಲು ಚೇತರಿಸಿಕೊಂಡವನು ಕಾಕಾ.

"ಬಾ ಅಕ್ಕಾ, ಬಾ. ಬ್ಯಾಡ ಅನ್ನೂದಿಲ್ಲ. ಆದರ ಇಲ್ಲಿ ಬಿಸಲು ಭಾಳ ಐತಿ. ನಿನಗ ತಡಿಯೂದಿಲ್ಲ."

ಮೂವತ್ತಕ್ಕೂ ಹೆಚ್ಚು ಬೇಸಿಗೆಗಳನ್ನು ಮಸ್ಕತ್ತಿನಲ್ಲಿ ಕಳೆದವಳಿಗೆ ಅವನು ಈ ಮಾತು ಹೇಳಿದ.

"ಹೌದೇನು?" ಎಂದಳು ಅತ್ತೆ. "ಹಂಗಾರ ಛತ್ರಿ ತರ್ತೀನಿ ಬಿಡು."

"ಅಲ್ಲಿ ಬ್ಯಾರೆ ಯಾವುದಾರ ಆಸ್ಪತ್ರಿ ನೋಡಬಹುದಿತ್ತಲ್ಲ?" ಅಪ್ಪ ಮೆಲ್ಲಗೆ ಕೇಳಿದ. "ನಿನ್ನ ಕೈಗುಣ ಅಂಥಾದ್ದು."

"ಅಣ್ಣಾ, ನನಗ ಈಗ ಮೊಣಕಾಲು ನೋಯ್ತಾವ. ರೋಗಿಗಿಂತ ಮೊದಲ ನಾನ ಮಂಚದ ಮ್ಯಾಲ ಕುಂದರ್ತೀನಿ. ನನ್ನ ರೂಮು ಚಲೋ ಐತೆಲ್ಲ?"

"ಹಂಗ ಐತಿ. ಯಾರೂ ಮುಟ್ಟಿಲ್ಲ" ಎಂದ ಅಪ್ಪ.

ಆ ಕೋಣೆಯನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಒಂದರ್ಥದಲ್ಲಿ ದಿಟ. ಅದನ್ನು ಬಾಡಿಗೆಗೆ ಕೊಟ್ಟು ಹತ್ತು ವರ್ಷವಾಗಿತ್ತು. ಗಚ್ಚಿಬೌಲಿಯ ಆಫೀಸುಗಳಲ್ಲಿ ಕೆಲಸ ಮಾಡುವ ತೆಲುಗು ತರುಣರು ಒಬ್ಬರಾದ ಮೇಲೊಬ್ಬರು ಅಲ್ಲಿ ಇದ್ದು ಹೋಗುತ್ತಿದ್ದರು. ಅವರಿಗೆ ನಮ್ಮ ಮನೆಯಲ್ಲಿ ಅತ್ತಿ ರೂಮಿನವರು ಎಂದೇ ಹೆಸರು. ಬಾಡಿಗೆ ಕಾಕಾನಿಗೆ ಹೋಗುತ್ತಿತ್ತು, ಅಡ್ವಾನ್ಸು ಅವನ ನೀರಿನ ಫಿಲ್ಟರುಗಳಲ್ಲಿ ಹರಿದು ಹೋಗಿತ್ತು. ಹಾಗಾಗಿ ಅವರನ್ನು ಬಿಡಿಸುವ ಹಾಗಿರಲಿಲ್ಲ.

ಅತ್ತೆ ಬಂದಳು. ವಿಮಾನ ನಿಲ್ದಾಣಕ್ಕೆ ಎರಡು ಕಾರು ಮಾಡಿಕೊಂಡು ಹೋಗಿದ್ದೆವು, ಸಾಮಾನು ಹಿಡಿಯಲಿ ಎಂದು. ಅವಳ ಹತ್ತಿರ ಇದ್ದದ್ದು ಒಂದು ಸೂಟ್‌ಕೇಸು ಮತ್ತು ನಿಜವಾಗಿಯೂ ಒಂದು ಛತ್ರಿ. ಎರಡನೇ ಕಾರು ಬರಿದಾಗಿಯೇ ಹಿಂದಿರುಗಿತು. ಕಾಕಾ ದಾರಿಯುದ್ದಕ್ಕೂ ಅದನ್ನು ಕಿಟಕಿಯಿಂದ ನೋಡುತ್ತಿದ್ದ.

ಮನೆಗೆ ಬಂದು ಆರತಿ ಎತ್ತಿಸಿಕೊಂಡವಳೇ ಅತ್ತೆ ಮೆಟ್ಟಿಲು ಹತ್ತಿ ತನ್ನ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಚಡ್ಡಿ ಹಾಕಿಕೊಂಡು ಮ್ಯಾಗಿ ತಿನ್ನುತ್ತಿದ್ದ ಇಬ್ಬರು ಗಾಬರಿಯಿಂದ ಎದ್ದು ನಿಂತರು. "ಆಂಟೀ, ಎವರು ಕಾವಾಲಿ?" ಎಂದು ಕೇಳಿದರು. ಯಾರು ಬೇಕು ಎಂದು ತನ್ನ ಕೋಣೆಯಲ್ಲಿಯೇ ಕೇಳಿಸಿಕೊಂಡ ಅತ್ತೆ, "ಯಾರೂ ಬ್ಯಾಡಪಾ, ಊಟ ಮಾಡ್ರಿ" ಎಂದು ಕನ್ನಡದಲ್ಲೇ ಹೇಳಿ ಕೆಳಗಿಳಿದು ಬಂದಳು. ನಾನು ಅವಳ ಹಿಂದೆಯೇ ಇದ್ದೆ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕೆಳಗೆ ಕಾಕಾ ವಿವರಣೆಗೆ ಸಿದ್ಧನಾಗಿದ್ದ. ಖಾಲಿ ಬಿಟ್ಟರೆ ಕೋಣೆಗೆ ಗೆದ್ದಲು ಹಿಡಿಯುತ್ತದೆ ಎಂದು ಅವನು ಶುರು ಮಾಡುವಷ್ಟರಲ್ಲಿ ಅತ್ತೆ ಪಡಸಾಲೆಯ ದಿವಾನದ ಮೇಲೆ ಸೂಟ್‌ಕೇಸು ಇಟ್ಟು, "ನಾ ಇಲ್ಲೇ ಇರ್ತೀನಿ. ಗಾಳಿ ಬೆಳಕು ಚಲೋ ಐತಿ" ಎಂದಳು.

ನಾವೆಲ್ಲ ಉಸಿರು ಬಿಟ್ಟೆವು. ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಯಾರೂ ಎಣಿಸಿರಲಿಲ್ಲ.

ಆ ಪಡಸಾಲೆ ನಮ್ಮ ಮನೆಯ ಸರ್ಕಲ್ಲಿನ ಹಾಗೆ. ಯಾರು ಎಲ್ಲಿಗೆ ಹೋಗಬೇಕಾದರೂ ಅದನ್ನು ದಾಟಿಯೇ ಹೋಗಬೇಕು. ಮರುದಿನ ಬೆಳಕು ಹರಿಯುವ ಮೊದಲೇ ಅತ್ತೆ ಎದ್ದು, ಜಡೆ ಹಾಕಿಕೊಂಡು, ಬಿ.ಪಿ. ಯಂತ್ರ ಹಿಡಿದು ದಿವಾನದ ಮೇಲೆ ಕೂತಿದ್ದಳು. ಮೂವತ್ತು ಚಿಲ್ಲರೆ ವರ್ಷ ವಾರ್ಡು ನಡೆಸಿದವಳು. ಮನೆ ಅವಳಿಗೆ ಇನ್ನೊಂದು ವಾರ್ಡಾಗಿ ಕಂಡಿತು. ಹಾಲು ತರಲು ಹೊರಟ ಅಪ್ಪನನ್ನು ಕೂರಿಸಿ ತೋಳಿಗೆ ಪಟ್ಟಿ ಸುತ್ತಿದಳು. ಅವನಾದ ಮೇಲೆ ಅವ್ವ, ಅವ್ವನಾದ ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕು. ವಾರದೊಳಗೆ ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು. ಹಪ್ಪಳಕ್ಕೆ ನಿಷೇಧ ಬಿತ್ತು. ಮಧ್ಯಾಹ್ನದ ಧಾರಾವಾಹಿಯ ಹೊತ್ತು ಎಲ್ಲರೂ ವಿಶ್ರಾಂತಿ ತೆಗೆದುಕೊಳ್ಳಬೇಕು. ಕಾಕು ಫೋನಿನಲ್ಲಿ ತವರಿನವರ ಜೊತೆ ಮಾತಾಡಲು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ಅಷ್ಟು ಹೊತ್ತು ಬಚ್ಚಲಲ್ಲಿದ್ದರೆ ಅತ್ತೆ ಬಾಗಿಲು ಬಡಿದು, "ಹೊಟ್ಟಿ ಸರಿ ಇಲ್ಲೇನ?" ಎಂದು ವಿಚಾರಿಸುತ್ತಿದ್ದಳು.

"ಆ ಹುಡುಗರನ್ನ ಬಿಡಸ್ರಿ" ಎಂದು ಕಾಕು ಗಂಡನಿಗೆ ಹೇಳಿದಳು. "ಅಕ್ಕಾರು ಮ್ಯಾಲಿನ ರೂಮಿಗೆ ಹೋಗಲಿ. ಹಪ್ಪಳಾ ತಿಂದು ಎಷ್ಟ ದಿನಾ ಆತು."

ಕಾಕಾ ಬಂದು ಅತ್ತೆಯ ಮುಂದೆ ನಿಂತು, ಅಕ್ಕನಿಗೆ ಅನ್ಯಾಯವಾಗಿದೆ, ತನ್ನ ಕರುಳು ಚುರ್ ಎನ್ನುತ್ತಿದೆ, ಕೋಣೆ ಖಾಲಿ ಮಾಡಿಸುತ್ತೇನೆ ಎಂದ. ಅತ್ತೆ ಅವನ ನಾಡಿ ಹಿಡಿದು ನೋಡಿ, "ಯಾಕ ಆ ಹುಡುಗರ ಹೊಟ್ಟಿ ಮ್ಯಾಲ ಹೊಡೀತಿ? ನನಗ ಇಲ್ಲೇ ಆರಾಮ ಐತಿ" ಎಂದು ಕಳಿಸಿದಳು.

ಅತ್ತೆ ಒಮ್ಮೆ ಒಬ್ಬಳೇ ಸಿಕ್ಕಾಗ ನಾನು ಕೇಳಿದೆ. "ಅತ್ತಿ, ಖರೇನ ನಿನಗ ಸಿಟ್ಟಿಲ್ಲೇನ?"

"ಐತಿ" ಎಂದಳು. "ಅದಕ್ಕ ಹಪ್ಪಳಾ ಬಂದ್ ಮಾಡೀನಿ."

ನಕ್ಕೆವು. ನಗು ನಿಂತ ಮೇಲೆ ಅವಳೇ ಹೇಳಿದಳು. "ನಿಮ್ಮಜ್ಜಿಗೆ ಮೂರನೇ ಪೊರಿ ಬಂತು ಅಂತ ಫೋನ್ ಮಾಡಿದ್ರಲ್ಲ, ಅವತ್ತ ನನ್ನ ಟಿಕೀಟ್ ಆಗಿತ್ತು. ಸೂಟ್‌ಕೇಸ್ ತುಂಬಿ ಇಟ್ಟಿದ್ದೆ. ಅವ್ವಗ ಮೂರನೇ ಕಣ್ಣು ಯಾವಾಗ ಬಂತು ಅಂತ ಕೇಳಬೇಕು ಅಂದ್ಕೊಂಡೆ. ಕೇಳಲಿಲ್ಲ. ಟಿಕೀಟ್ ವಾಪಸ್ ಮಾಡಿದೆ."

"ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಖರೇ ಹೇಳಿಬಿಡ್ತಿದ್ರಿ" ಎಂದು ಎದ್ದು ಹೋದಳು.

ಆ ದಿನಗಳಲ್ಲೇ ಗಚ್ಚಿಬೌಲಿಯ ದೊಡ್ಡ ಹೋಟೆಲೊಂದರಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ನಾನು ಓದಬೇಕಿದ್ದ ಪ್ರಬಂಧದ ವಿಷಯ, ಅಭಿವೃದ್ಧಿಶೀಲ ದೇಶಗಳಿಗೆ ಹೊರಗಿನಿಂದ ಬರುವ ವರ್ಗಾವಣೆ ಆದಾಯದ ದೀರ್ಘಾವಧಿಯ ಒಲವುಗಳು. ಅತ್ತೆ ತಾನೂ ಬರುತ್ತೇನೆಂದಳು. ನನಗೆ ಒಳಗೊಳಗೇ ಅಳುಕು. ಮೂವತ್ತು ವರ್ಷ ಆ ಆದಾಯವನ್ನು ಕಳಿಸಿದವಳ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕು. ಆಕೆ ಎದ್ದು ಏನಾದರೂ ಕೇಳಿದರೆ? ಎರಡನೇ ಸಾಲಿನಲ್ಲಿ ಕೂರಿಸಿ ವೇದಿಕೆ ಹತ್ತಿದೆ. ಪರದೆಯ ಮೇಲೆ ಗೆರೆ ಏರುತ್ತಾ ಹೋಯಿತು. ಈ ಹಣ ವಿದೇಶಿ ಬಂಡವಾಳದ ಹಾಗೆ ಹೆದರಿ ಓಡಿಹೋಗುವುದಿಲ್ಲ, ಸಾಲದ ಹಾಗೆ ತೀರಿಸಬೇಕಿಲ್ಲ, ಬಹಳ ನಂಬಿಕಸ್ಥ ಹಣ ಎಂದೆ. ದೆಹಲಿಯಿಂದ ಬಂದಿದ್ದ ಹಿರಿಯರೊಬ್ಬರು ಎದ್ದು, ಇಂಥ ಆದಾಯ ಹೆಚ್ಚುವಂತೆ ನಾವು ಇನ್ನಷ್ಟು ಜನರನ್ನು ಹೊರಗೆ ಕಳಿಸುವುದು ಹೇಗೆ ಎಂಬುದೇ ದೇಶದ ಮುಂದಿರುವ ಪ್ರಶ್ನೆ ಎಂದರು. ಚಪ್ಪಾಳೆ ಬಿತ್ತು. ಹೋದವರು ತಿರುಗಿ ಬಂದರೆ ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಗಾಢ ನಿದ್ದೆಯಲ್ಲಿದ್ದಳು.

ಊಟದ ಹೊತ್ತಿಗೆ ಎಚ್ಚರವಾಗಿ, ಬ್ರೆಡ್ಡಿನ ಸಿಹಿ ಡಬಲ್ ಕಾ ಮೀಠಾ ಎರಡು ಸಲ ಹಾಕಿಸಿಕೊಂಡಳು.

"ನಿನ್ನ ಭಾಷಣ ಭಾಳ ಚಲೋ ಇತ್ತವಾ" ಎಂದಳು ಬರುವಾಗ ಕ್ಯಾಬಿನಲ್ಲಿ. "ಬಂದಾಗಿನಿಂದ ಇಂಥಾ ನಿದ್ದಿ ಬಂದಿದ್ದಿಲ್ಲ."

"ಮನ್ಯಾಗ ನಿದ್ದಿ ಹತ್ತೂದಿಲ್ಲೇನ ಅತ್ತಿ?"

"ಹೊಸಾ ಜಾಗಾ" ಎಂದಳು. ತಾನೇ ಕಟ್ಟಿಸಿದ ಮನೆಯ ಬಗ್ಗೆ ಅವಳು ಹೇಳಿದ ಆ ಎರಡು ಮಾತು ಕೂಕಟ್‌ಪಲ್ಲಿ ಮುಟ್ಟುವವರೆಗೂ ನನ್ನ ಎದೆಯ ಮೇಲೆ ಕೂತಿದ್ದವು.

ಆ ವರ್ಷ ದಸರೆ ಬಂತು. ಹಬ್ಬಕ್ಕೆ ಎರಡು ದಿನ ಇರುವಾಗ ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದೆವು. ಅಪ್ಪನ ಕೈಯಿಂದ ರೊಟ್ಟಿಯ ಚೂರು ಜಾರಿ ಬಿತ್ತು. "ಕೈ ಜೋಮು ಹಿಡದಂಗ ಆಗೇತಿ" ಎಂದ. ಮಾತು ಸ್ವಲ್ಪ ತೊದಲುತ್ತಿತ್ತು.

ಯಾರೂ ತಲೆ ಎತ್ತಲಿಲ್ಲ. ದಸರೆಯ ಹೊತ್ತಿಗೆ ಅಪ್ಪನಿಗೆ ಎದೆನೋವು, ಸೊಂಟನೋವು, ಕಾರ್ಖಾನೆಯಲ್ಲಿ ಸಂಬಳ ತಡೆಹಿಡಿದದ್ದು, ಏನಾದರೊಂದು ಬರುವುದು ನಮಗೆ ಬಾಲ್ಯದಿಂದ ರೂಢಿ. ಕಾಕಾ ಚಟ್ನಿ ಹಾಕಿಕೊಳ್ಳುತ್ತಾ ನಕ್ಕ. "ಅಣ್ಣಾ, ಈಗ ಯಾರಿಗೆ ಹೇಳಾಕತ್ತಿ? ಕಳಸಾಕಿ ಇಲ್ಲೇ ಬಂದು ಕುಂತಾಳ."

ಅವ್ವನೂ ನಕ್ಕಳು. ನಾನೂ ನಕ್ಕೆನೆಂದು ಕಾಣುತ್ತದೆ.

ಅತ್ತೆ ಮಾತ್ರ ತಟ್ಟೆ ಸರಿಸಿ ಅಪ್ಪನ ಎದುರಿಗೆ ಬಂದು ಕೂತಿದ್ದಳು. ಅವಳ ದನಿಯೇ ಬೇರೆಯಾಗಿತ್ತು. "ಅಣ್ಣಾ, ನನ್ನ ಕಡೆ ನೋಡು. ಎರಡೂ ಕೈ ಎತ್ತು."

ಒಂದು ಕೈ ಮೇಲೆ ಹೋಯಿತು. ಇನ್ನೊಂದು ಅರ್ಧಕ್ಕೆ ಬಂದು ತಾನಾಗಿ ಕೆಳಗಿಳಿಯಿತು.

"ನಗು."

ಅಪ್ಪನ ಬಾಯಿ ಒಂದೇ ಕಡೆ ಎಳೆಯಿತು.

"ಗಾಡಿ ತರಿಸ್ರಿ. ಈಗಿಂದೀಗ" ಎಂದಳು ಅತ್ತೆ. ಕಾಕಾ ಚಟ್ನಿಯ ಚಮಚ ಹಿಡಿದುಕೊಂಡೇ ನಿಂತಿದ್ದ. ಮೊದಲು ಅಲ್ಲಾಡಿದವರು ಮೇಲಿನ ಕೋಣೆಯ ಬಾಡಿಗೆದಾರರು. ಆಫೀಸಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದ ಒಬ್ಬ ತನ್ನ ಕಾರಿನ ಬಾಗಿಲು ತೆಗೆದ. ಅತ್ತೆ ಅಪ್ಪನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು ಹಿಂದೆ ಕೂತಳು. ನಾನು ಮುಂದೆ ಕೂತೆ. ಮೆಟ್ರೊ ಕಂಬಗಳ ಕೆಳಗಿನ ಆ ಬೆಳಗಿನ ಟ್ರಾಫಿಕ್ಕಿನಲ್ಲಿ ಅತ್ತೆ ಅಪ್ಪನಿಗೆ ಮೆಲುದನಿಯಲ್ಲಿ ಏನನ್ನೋ ಹೇಳುತ್ತಲೇ ಇದ್ದಳು. ಚಿಕ್ಕಂದಿನ ಬೀದರಿನ ಮನೆಯ ಸುದ್ದಿ, ಯಾವುದೋ ಕುಂಟ ಆಡಿನ ಸುದ್ದಿ. ಅವನು ನಿದ್ದೆಗೆ ಜಾರದಿರಲಿ ಎಂದೋ, ತಾನು ಹೆದರದಿರಲೆಂದೋ.

ಆಸ್ಪತ್ರೆಯಲ್ಲಿ ಡಾಕ್ಟರು, ಹೊತ್ತಿಗೆ ಸರಿಯಾಗಿ ತಂದಿರಿ, ತಡವಾಗಿದ್ದರೆ ಆ ಕಡೆಯ ಕೈಕಾಲು ಹೋಗುತ್ತಿದ್ದವು ಎಂದರು. ಅಪ್ಪ ವಾರದ ಮೇಲೆ ಮನೆಗೆ ಬಂದ. ಕೈಯಲ್ಲಿ ತುಸು ನಡುಕ ಉಳಿದದ್ದು ಬಿಟ್ಟರೆ ನೆಟ್ಟಗಿದ್ದ. ಬಂದವನು ಪಡಸಾಲೆಯಲ್ಲಿ, ಅತ್ತೆಯ ದಿವಾನದ ಒಂದು ತುದಿಯಲ್ಲಿ ಕೂತ. ಆಮೇಲೆ, "ಈ ಸಲ ಖರೇನ ಆಗಿತ್ತವಾ" ಎಂದ.

"ಗೊತ್ತೈತಿ" ಎಂದಳು ಅತ್ತೆ.

"ಮೊದಲೆಲ್ಲಾ..."

"ಅದೂ ಗೊತ್ತೈತಿ. ಗುಳಿಗಿ ತೊಗೋ."

ಅಪ್ಪ ಗುಳಿಗೆ ನುಂಗಿದ. ನೀರಿನ ಲೋಟ ಅವನ ಕೈಯಲ್ಲಿ ಕುಲುಕುತ್ತಿತ್ತು. ಅತ್ತೆ ಅದನ್ನು ಹಿಡಿದುಕೊಂಡಳು. ಅವರಿಬ್ಬರ ನಡುವೆ ಆ ವಿಷಯದ ಮಾತು ಅಷ್ಟೇ ಆದದ್ದು. ಮಾರನೆಯ ದಿನ ಅಪ್ಪ ತನ್ನ ಪೆನ್ಷನ್ನಿನಿಂದ ಬಾಡಿಗೆದಾರರ ಅಡ್ವಾನ್ಸು ತೀರಿಸಿ, ಅವರಿಗೆ ಪಕ್ಕದ ಗಲ್ಲಿಯಲ್ಲಿ ಬೇರೆ ಕೋಣೆ ಹುಡುಕಿಕೊಟ್ಟ. ಅತ್ತಿ ರೂಮಿಗೆ ತಾನೇ ನಿಂತು ಸುಣ್ಣ ಹೊಡೆಸಿದ.

ಅತ್ತೆ ಹತ್ತಿ ಹೋಗಿ ನೋಡಿದಳು. ಕಿಟಕಿ ತೆಗೆದಳು, ಮುಚ್ಚಿದಳು. ಮೊಣಕಾಲು ಹಿಡಿದುಕೊಂಡು ಇಳಿದು ಬಂದು, "ಭಾಳ ಚಲೋ ಆಗೇತಿ ಅಣ್ಣಾ" ಎಂದಳು. ಒಂದು ತಿಂಗಳು ಆ ಕೋಣೆಯಲ್ಲಿ ಇದ್ದಳು ಕೂಡ.

ಆಗಲೇ ಅವಳ ಗೆಳತಿ ಬಂದದ್ದು. ಕೇರಳದವಳು, ಮಸ್ಕತ್ತಿನಲ್ಲಿ ಅತ್ತೆಯ ಜೊತೆ ಅದೇ ಆಸ್ಪತ್ರೆಯಲ್ಲಿದ್ದವಳು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಇದ್ದರಂತೆ. ಇಷ್ಟು ವರ್ಷದ ಕ್ಯಾಸೆಟ್ಟು, ಫೋನುಗಳಲ್ಲಿ ಆಕೆಯ ಬಗ್ಗೆ ಅತ್ತೆ ಹೇಳಿರಲಿಕ್ಕೂ ಸಾಕು. ನಮಗೆ ನೆನಪಿರಲಿಲ್ಲ. ಎತ್ತರದ ಹೆಂಗಸು, ಗಟ್ಟಿ ನಗು. ಅತ್ತೆಯೊಂದಿಗೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಮೂರು ಅಂತಸ್ತನ್ನೂ ಹತ್ತಿಳಿದು ನೋಡಿ, "ಹಮಾರಾ ಘರ್ ಇಸ್ಸೆ ಭೀ ಬಡಾ ಹೈ" ಎಂದಳು. ನಮ್ಮ ಮನೆ ಇದಕ್ಕಿಂತ ದೊಡ್ಡದು. "ಉಸ್ ಮೆ ಮೇರೇ ಕೋ ಜಗಾ ನಹೀಂ." ಅದರಲ್ಲಿ ನನಗೆ ಜಾಗವಿಲ್ಲ. ಹೇಳಿ ಆ ಗಟ್ಟಿ ನಗು ನಕ್ಕಳು. ಅತ್ತೆಯೂ ಅವಳ ಜೊತೆ ನಕ್ಕಳು. ಬಂದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಎರಡು ವಾರಕ್ಕೆಂದು ಬಂದ ಗೆಳತಿ ಹೋಗಲಿಲ್ಲ. ಇಬ್ಬರೂ ಬೆಳಿಗ್ಗೆ ಎದ್ದು ತಯಾರಾಗಿ ಕ್ಯಾಬು ಮಾಡಿಕೊಂಡು ಎಲ್ಲಿಗೋ ಹೋಗಿ ಬರುತ್ತಿದ್ದರು. ಒಂದು ಸಂಜೆ ಅತ್ತೆ ಎಲ್ಲರನ್ನೂ ಕೂರಿಸಿ, ಗಚ್ಚಿಬೌಲಿ ಹತ್ತಿರದ ಮಣಿಕೊಂಡದಲ್ಲಿ ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟು ತಾನೂ ಗೆಳತಿಯೂ ಸೇರಿ ಕೊಂಡಿರುವುದಾಗಿ ಹೇಳಿದಳು. ಲಿಫ್ಟು ಇದೆ ಎಂದಳು.

ಕಾಕಾನ ಮುಖದಲ್ಲಿ ಆಗ ಮೂಡಿದ ನೋವನ್ನು ನಾನು ಯಾವ ಸಾವಿನ ಮನೆಯಲ್ಲೂ ಕಂಡಿಲ್ಲ. "ಅಂದ್ರ... ನಮಗ ಕಳಿಸಿ ಆದ ಮ್ಯಾಲೂ ನಿನ್ನ ಹಂತ್ಯಾಕ ಉಳದಿತ್ತೇನ ಅಕ್ಕಾ?" ಎಂದ.

"ಉಳಸಬಾರದಿತ್ತೇನ?" ಎಂದು ಕೇಳಿದಳು ಅತ್ತೆ. ಪಾಪ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು.

ಕಾಕು ಅವತ್ತು ರಾತ್ರಿಯ ಅಡಿಗೆಗೆ ಹಪ್ಪಳ ಕರಿದಳು. ಆದರೆ ಅತ್ತೆ ಹೊರಟ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ. "ಇನ್ನ ಯಾರು ಬಿ.ಪಿ. ನೋಡ್ತಾರ" ಎಂದು ಬಾಗಿಲ ಬಳಿ ನಿಂತು ಬಿಕ್ಕಿದಳು. ಅದರಲ್ಲಿ ಸುಳ್ಳಿರಲಿಲ್ಲ.

ಈಗ ನಮ್ಮ ಮನೆಯ ಆರ್ಥಿಕ ಸ್ಥಿತಿಯ ಬಗ್ಗೆ ಹೇಳಬೇಕು. ಹೊರಗಿನ ಆದಾಯ ನಿಂತರೆ ಇಂಥ ಆರ್ಥಿಕತೆಗಳು ಕುಸಿಯುತ್ತವೆ ಎಂದು ನಾವು ಬರೆಯುತ್ತೇವೆ. ನಮ್ಮದು ಕುಸಿಯಲಿಲ್ಲ. ಬೇರೆ ದಾರಿ ಇಲ್ಲದೆ ಕಾಕಾ ದುಡಿಯತೊಡಗಿದ. ಎರಡನೇ ಮಹಡಿಯನ್ನು ಪೂರ್ತಿ ಹಾಸ್ಟೆಲ್ ಮಾಡಿ, ಬೆಳಿಗ್ಗೆ ಎದ್ದು ಇಪ್ಪತ್ತು ಜನರಿಗೆ ಇಡ್ಲಿ ಬೇಯಿಸುವ ಉಸ್ತುವಾರಿ ನೋಡುತ್ತಾನೆ. ಅವನ ಬದುಕಿನಲ್ಲಿ ಎರಡು ವರ್ಷ ನಿಂತ ವ್ಯಾಪಾರ ಇದೊಂದೇ. ಮೈ ಇಳಿದಿದೆ, ಬಿ.ಪಿ.ಯೂ ಇಳಿದಿದೆ.

ಅವನ ಮಗಳು ಐರ್ಲೆಂಡಿಗೆ ಓದಲು ಹೋಗಿದ್ದಾಳೆ. ಅಲ್ಲಿಂದ ಹಣ ಬರುತ್ತದೆಂದು ಕಾಕಾ ಎಣಿಸಿದ್ದ. ಸದ್ಯಕ್ಕೆ ಇಲ್ಲಿಂದಲೇ ಅಲ್ಲಿಗೆ ಹೋಗುತ್ತಿದೆ. ಕೋಣೆಯ ಬಾಡಿಗೆ, ಚಳಿಯ ಕೋಟು, ಮತ್ತೇನೋ ಫೀ. ಕಷ್ಟಗಳು ಈಗ ಡಬ್ಲಿನ್‌ನಲ್ಲಿ ಬರುತ್ತವೆ, ಟಿಂಗ್ ಎನ್ನುವುದು ಆ ಕಡೆ. ಕಳೆದ ಯುಗಾದಿಗೆ ಕಾಕಾ ಅಭ್ಯಾಸಬಲದಿಂದ ಅತ್ತೆಗೆ ಫೋನು ಹಚ್ಚಿ, ಹುಡುಗಿಗೆ ಬಹಳ ತೊಂದರೆ ಎಂದು ಶುರು ಮಾಡಿದ.

"ನಾ ಈಗ ಫಾರಿನ್ ಅಲ್ಲಪಾ" ಎಂದಳಂತೆ ಅತ್ತೆ. "ಮಣಿಕೊಂಡದಾಗ ಇದ್ದೀನಿ."

ಅಪ್ಪ ಭಾನುವಾರಕ್ಕೊಮ್ಮೆ ಅವಳ ಮನೆಗೆ ಹೋಗುತ್ತಾನೆ. ಅವ್ವ ತಟ್ಟಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಜೋಳದ ಹಿಟ್ಟು ಚೀಲದಲ್ಲಿ ಕಟ್ಟಿಕೊಂಡು, ನಡುಗುವ ಕೈಯಲ್ಲಿ ಕಂಬಿ ಹಿಡಿದು ಮೆಟ್ರೊದಲ್ಲಿ ಸ್ವಲ್ಪ ದೂರ, ಅಲ್ಲಿಂದ ಆಟೊದಲ್ಲಿ. ಕ್ಯಾಬು ಮಾಡಿಕೊಡುತ್ತೇನೆಂದರೆ ಬೇಡ ಎನ್ನುತ್ತಾನೆ. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ.

ಹೋದ ಸಲ ಅಪ್ಪ ಅವರ ಸೋಫಾದ ಮೇಲೆ ನಿದ್ದೆ ಹೋಗಿದ್ದ. ನಾವು ಮೂವರು ಹೆಂಗಸರು ಬಾಲ್ಕನಿಯಲ್ಲಿ ಕೂತಿದ್ದೆವು. ಇಷ್ಟು ವರ್ಷ ಯಾಕೆ ಕಳಿಸುತ್ತಲೇ ಇದ್ದೆ, ಎಲ್ಲ ಗೊತ್ತಿದ್ದೂ, ಎಂದು ಕೇಳಿಯೇ ಬಿಟ್ಟೆ. ನನಗೆ ಅದು ಪ್ರಬಂಧಕ್ಕೂ ಬೇಕಿತ್ತೇನೋ. ತ್ಯಾಗ, ಕರ್ತವ್ಯ, ಕರುಳು, ಇಂಥದ್ದೇನಾದರೂ ಬಂದೀತೆಂದು ಕಾದೆ.

ಅತ್ತೆ ಗೆಳತಿಯ ಮುಖ ನೋಡಿದಳು. "ಶುಕ್ರವಾರ ನಮಗ ಸೂಟಿ ಇರ್ತಿತ್ತು" ಎಂದಳು. "ಹಾಸ್ಟೆಲ್‌ನವರು ಹೊರಗ ಬಿಡ್ತಿದ್ದಿಲ್ಲ, ಕೆಲಸಾ ಇದ್ರ ಅಷ್ಟ. ಮನಿಗೆ ರೊಕ್ಕಾ ಕಳಸಬೇಕು ಅಂದ್ರ ಯಾರೂ ಬ್ಯಾಡ ಅಂತಿದ್ದಿಲ್ಲ. ನಾವಿಬ್ಬರೂ ಚಲೋ ಸೀರಿ ಉಟಗೊಂಡು, ಪೌಡರ್ ಹಚಗೊಂಡು ಹೋಗ್ತಿದ್ವಿ. ಕೌಂಟರ್‌ನ್ಯಾಗ ಐದು ನಿಮಿಷದ ಕೆಲಸಾ. ಆಮ್ಯಾಲ ಸಮುದ್ರದ ದಂಡಿಗೆ ಕುಂತು ಐಸ್‌ಕ್ರೀಮ್ ತಿಂದು, ಸಂಜಿತನಾ ತಿರುಗಿ ಬರ್ತಿದ್ವಿ. ಕಳಸೂದು ನಿಲ್ಲಿಸಿದ್ರ ಹೊರಗ ಹೋಗಾಕ ನೆಪಾ ಎಲ್ಲಿಂದ ತರೂದು?"

ಗೆಳತಿಗೆ ಕನ್ನಡ ಬಾರದು. ಆದರೂ ಐಸ್‌ಕ್ರೀಮ್ ಎಂಬ ಮಾತು ಕೇಳಿ ಎಲ್ಲ ತಿಳಿದವಳ ಹಾಗೆ, ಯಾವಾಗಲೂ ಹಣ ಕೊಟ್ಟವಳು ತಾನೇ ಎಂದು ಹಿಂದಿಯಲ್ಲಿ ತಗಾದೆ ತೆಗೆದಳು. ಅತ್ತೆ ಒಪ್ಪಲಿಲ್ಲ. ಪಿಸ್ತಾದ್ದು ನೀನು ತಿನ್ನುತ್ತಿದ್ದೆ, ಅದು ತುಟ್ಟಿ ಎಂದಳು. ದನಿ ಏರಿತು. ಒಳಗೆ ಅಪ್ಪ ಎದ್ದು ಕೂತು, ಏನಾಯಿತೆಂದು ಗಾಬರಿಯಿಂದ ಕೇಳಿದ. ಏನೂ ಆಗಿಲ್ಲ, ಮಲಗು ಎಂದೆ. ಅವನು ಮಲಗಲಿಲ್ಲ, ಎದ್ದು ಬಂದು ಬಾಗಿಲಿಗೆ ಒರಗಿ ನಿಂತು, ಹಿಂದೆ ಅವಳ ಕ್ಯಾಸೆಟ್ಟು ಕೇಳುತ್ತಿದ್ದ ಹಾಗೆ ಆ ಜಗಳ ಕೇಳತೊಡಗಿದ.